ಹೊಳೆ ಬಡಗಕ್ಕೆ ಹೊರಳುವ ಊರು

ಶಾಲೆಯ ಪ್ರವಾಸವೆಂದರೆ ಪಟ್ಟದಕಲ್ಲು. ಗುಡಿ ನೋಡಿ ಬಸ್ಸು ಹತ್ತುವುದು ಅಂದಿನಿಂದ ಇಂದಿನವರೆಗೂ ನಡೆದುಬಂದ ರೂಢಿ. ಊರು ತಿಳಿಯಬೇಕಾದರೆ ಹೊಳೆಯಿಂದ ಶುರುಮಾಡಬೇಕು ಎಂದು ಈಗಿನ ಮಕ್ಕಳಿಗೆ ಹೇಳುತ್ತೇನೆ.

ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರದಲ್ಲಿ ಮಲಪ್ರಭೆ ಬಡಗಕ್ಕೆ ಹೊರಳುತ್ತಾಳೆ. ಉತ್ತರವಾಹಿನಿಯಲ್ಲಿ ಮೀಯುವುದು ಪುಣ್ಯವೆಂಬ ನಂಬಿಕೆ ಹಳೆಯದು. ಕಾಶಿಯಲ್ಲಿ ಗಂಗೆಯೂ ಹೀಗೇ ತಿರುಗುತ್ತಾಳೆ. ಚಾಲುಕ್ಯ ಅರಸರಿಗೆ ಪಟ್ಟ ಕಟ್ಟುತ್ತಿದ್ದ ನೆಲವಾದ್ದರಿಂದ ಪಟ್ಟದಕಲ್ಲು. ಹಳೆಯ ಹೆಸರು ಕಿಸುವೊಳಲ್, ಅಂದರೆ ಕೆಂಪು ಪಟ್ಟಣ. ಸುತ್ತಲಿನ ಮರಳುಗಲ್ಲು ನೋಡಿದರೆ ಅರ್ಥ ತಾನೇ ತಿಳಿಯುತ್ತದೆ.

ಗುಡಿಗಳಲ್ಲಿ ಎರಡನ್ನು ನಿಧಾನವಾಗಿ ನೋಡಿ. ಗಳಗನಾಥನ ಶಿಖರ ಬಾಗುತ್ತ ಮೇಲೇರುತ್ತದೆ, ಅದು ಉತ್ತರ ಭಾರತದ ನಾಗರ ಶೈಲಿ. ವಿರೂಪಾಕ್ಷನದು ಅಂತಸ್ತಿನ ಮೇಲೆ ಅಂತಸ್ತು, ಅದು ದಕ್ಷಿಣದ ದ್ರಾವಿಡ ಶೈಲಿ. ಎರಡೂ ಒಂದೇ ಆವರಣದಲ್ಲಿ ನಿಂತಿರುವುದೇ ಈ ಊರಿನ ಹಿರಿಮೆ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ವಿರೂಪಾಕ್ಷನ ಗುಡಿ ಕಟ್ಟಿಸಿದವಳು ಅವನ ರಾಣಿ ಲೋಕಮಹಾದೇವಿ. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿದೆ. ಗುಡಿಯ ಮುಖ ಮೂಡಣಕ್ಕೆ, ಹೊಳೆಯ ಕಡೆಗೆ. ಪೂಜೆ ಇಂದಿಗೂ ನಡೆಯುತ್ತದೆ. 1987ರಲ್ಲಿ ಇಲ್ಲಿನ ಗುಡಿಗಳ ಗುಂಪು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಹೊಳೆಸಾಲಿನ ಬದುಕು ತಿಳಿಯಲು ಹಗೇವನ್ನು ನೋಡಬೇಕು. ನಮ್ಮ ಸೀಮೆಯಲ್ಲಿ ಹಿಂಗಾರಿ ಜೋಳ ಕಾಯ್ದಿಡುತ್ತಿದ್ದ ನೆಲಗುಂಡಿ ಅದು: ಬಾಯಿ ಒಬ್ಬ ಇಳಿಯುವಷ್ಟೇ, ಒಳಗೆ ಹೊಟ್ಟೆ ಅಗಲ. ತಳಕ್ಕೂ ಸುತ್ತಲಿಗೂ ಕಣಿಕೆ (ಜೋಳದ ಒಣ ದಂಟು), ಹೊಟ್ಟು ಒತ್ತಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತುತ್ತಾರೆ. ದಂಡೆಗೆ ಹತ್ತಿರ ತೋಡಿದರೆ ತಂಪು ಒಸರಿ ಅಂಚಿನ ಕಾಳು ಮುಗ್ಗುತ್ತದೆ. ಅದಕ್ಕೇ ದಿಬ್ಬವೇ ಬೇಕು. ಇನ್ನೊಂದು ಅಪಾಯ ಜೀವದ್ದು. ಮುಚ್ಚಿದ ಹಗೇವಿನೊಳಗೆ ಕಾಳು ಉಸಿರಾಡಿ ಕೆಟ್ಟ ಗಾಳಿ ತಳದಲ್ಲಿ ನಿಲ್ಲುತ್ತದೆ. ತೆರೆದ ಕೂಡಲೇ ಇಳಿದವರು ಸತ್ತದ್ದುಂಟು, ಅವರನ್ನು ಎತ್ತಲು ಇಳಿದವರೂ ಸತ್ತದ್ದುಂಟು. ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಯಾರೂ ಇಳಿಯಕೂಡದು. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೆ ಜನ ಹಗ್ಗ ಹಿಡಿದಿರಬೇಕು.

ಇನ್ನು ನೆರೆ. ಸವದತ್ತಿ ಕಡೆಯ ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ತುಂಬುವುದು ಎಲ್ಲರಿಗೂ ಗೊತ್ತು. ಆದರೆ ಬೆಣ್ಣಿಹಳ್ಳ ಮಲಪ್ರಭೆಯನ್ನು ಕೂಡುವುದು ಜಲಾಶಯದ ಕೆಳಗೆ. ಗೇಟು ಮುಚ್ಚಿದ್ದರೂ ಹುಬ್ಬಳ್ಳಿ, ನವಲಗುಂದದ ಕಡೆ ಜೋರು ಮಳೆಯಾದರೆ ಇಲ್ಲಿ ಹೊಳೆ ಏರುತ್ತದೆ. ಹೂಳು ತುಂಬಿ, ಜಾಲಿ ಬೆಳೆದ ಪಾತ್ರದಲ್ಲಿ ಆ ನೀರು ಹಿಡಿಸುವುದಿಲ್ಲ. 2019ರ ಆಗಸ್ಟ್‌ನಲ್ಲಿ ಗುಡಿಗಳ ಆವರಣಕ್ಕೇ ನುಗ್ಗಿತು.

ನೀರು ಇಳಿದ ಮೇಲೆ ಗುಡಿಯ ಕಲ್ಲುಗಳ ಮೇಲೆ ಉಳಿಯುವ ರೊಜ್ಜನ್ನು ಹಸಿ ಇರುವಾಗಲೇ ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ಒಣಗಿ ಗಟ್ಟಿಯಾದದ್ದನ್ನು ತಂತಿ ಬ್ರಷ್ಷಿನಿಂದ ಕೆರೆದರೆ ಮಣ್ಣಿನ ಜೊತೆ ಮರಳುಗಲ್ಲಿನ ಕಣವೂ ಉದುರಿ, ಕೆತ್ತನೆಯ ಕಣ್ಣು ಮೂಗು ಸವೆಯುತ್ತವೆ.