39 ಕಂತು ಕಟ್ಟಿದ ಮೇಲೂ ಬಾಕಿ 237

2023ರ ಏಪ್ರಿಲ್. ನಮ್ ಸ್ಕೂಲಿಗೆ ಬೇಸಿಗೆ ರಜೆ ಕೊಟ್ಟಿದ್ರು, ನಾನು ಮನೇಲಿ ಬೀರು ಕ್ಲೀನ್ ಮಾಡ್ತಾ ಇದ್ದೆ, ಹೌಸಿಂಗ್ ಲೋನ್ ಫೈಲ್ ಕೈಗೆ ಸಿಕ್ತು. ಹಂಗೇ ನೆಲದ ಮೇಲೆ ಕೂತು ಬ್ಯಾಂಕಿನ ಆಪಲ್ಲಿ ಸ್ಟೇಟ್‌ಮೆಂಟ್ ತೆಗೆದು ನೋಡ್ದೆ. ಕಟ್ಟಿರೋ ಕಂತು 39, ಬಾಕಿ ಕಂತು 237 ಅಂತ ಇತ್ತು. ನಾವು ಲೋನ್ ತಗೊಂಡಿದ್ದೇ 240 ಕಂತಿಗೆ, ಅಂದ್ರೆ 20 ವರ್ಷಕ್ಕೆ. ಒಂದು ಕಂತೂ ತಪ್ಪಿಸದೆ ಮೂರು ವರ್ಷ ಮೂರು ತಿಂಗಳು ಕಟ್ಟಿದ ಮೇಲೆ ಬರೀ ಮೂರು ಕಂತು ಕಮ್ಮಿ ಆಗಿದೆ. ಮೊದಲು ಆಪಲ್ಲೇ ಏನೋ ತಪ್ಪಿದೆ ಅಂದ್ಕೊಂಡೆ.

ತಪ್ಪೇನೂ ಇರ್ಲಿಲ್ಲ. 2020ರ ಜನವರಿಯಲ್ಲಿ ಮೈಸೂರಿನ ಬೋಗಾದಿ ಹತ್ರ ಈ ಮನೆಗೆ 30 ಲಕ್ಷ ಲೋನ್ ತಗೊಂಡಾಗ ಬಡ್ಡಿ 8 ಪರ್ಸೆಂಟ್, ಇಎಂಐ 25,093. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡೋ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯೋ) ಹೌಸಿಂಗ್ ಲೋನ್ ಎಲ್ಲಾ ಹೊರಗಿನ ಒಂದು ದರಕ್ಕೆ ಲಿಂಕ್ ಆಗಿರ್ಬೇಕು ಅಂತ ಆರ್‌ಬಿಐ ರೂಲ್ಸ್ ಮಾಡಿತ್ತು, ನಮ್ದು ರೆಪೋ ದರಕ್ಕೆ, ಅಂದ್ರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ದರಕ್ಕೆ ಲಿಂಕ್. ಆಗ ರೆಪೋ 5.15 ಇತ್ತು, ಅದರ ಮೇಲೆ ಬ್ಯಾಂಕಿನದು 2.85. ಕೊರೋನಾ ಟೈಮಲ್ಲಿ ರೆಪೋ 4ಕ್ಕೆ ಇಳೀತು, ನಮ್ ಬಡ್ಡಿ 6.85 ಆಯ್ತು, ಒಳ್ಳೇದೇ ಆಯ್ತು ಅಂತ ಸುಮ್ಮನಾದ್ವಿ. ಆಮೇಲೆ 2022ರ ಮೇ ತಿಂಗಳಿಂದ ಏರೋಕೆ ಶುರುವಾಗಿದ್ದು 2023ರ ಫೆಬ್ರವರಿಗೆಲ್ಲಾ ರೆಪೋ 6.50, ನಮ್ ಬಡ್ಡಿ 9.35. ಇಎಂಐ ಮಾತ್ರ ಅದೇ 25,093 ಅಕೌಂಟಿಂದ ಹೋಗ್ತಿತ್ತು, ಅದಕ್ಕೇ ನಮಗೆ ಏನೂ ಗೊತ್ತಾಗ್ಲಿಲ್ಲ. ಬ್ಯಾಂಕ್‌ನವ್ರು ಇಎಂಐ ಏರಿಸೋ ಬದಲು ವರ್ಷ ಉದ್ದ ಮಾಡ್ಕೊಂಡು ಹೋಗಿದ್ರು. ಒಂದು ಎಸ್ಸೆಮ್ಮೆಸ್ ಬಂದಿತ್ತಂತೆ, ಹುಡುಕಿದ್ರೆ ಸಿಕ್ತು, ಯಾವತ್ತೋ ಬಂದು ಆಫರ್ ಮೆಸೇಜುಗಳ ಮಧ್ಯೆ ಮುಚ್ಚಿ ಹೋಗಿತ್ತು.

ಅಲ್ಲಿಗೆ ಕಟ್ಟಿದ್ದು ಹೆಚ್ಚುಕಮ್ಮಿ 9 ಲಕ್ಷ 80 ಸಾವಿರ, ಅಸಲಲ್ಲಿ ಇಳಿದಿದ್ದು 2 ಲಕ್ಷ 90 ಸಾವಿರ. ಆ ತಿಂಗಳ ಕಂತಲ್ಲಿ 21 ಸಾವಿರ ಚಿಲ್ಲರೆ ಬಡ್ಡಿಗೆ, ನಾಲ್ಕು ಸಾವಿರಕ್ಕಿಂತ ಕಮ್ಮಿ ಅಸಲಿಗೆ. ಪೇಪರ್ ಮೇಲೆ ಲೆಕ್ಕ ಹಾಕಿದೆ, 27 ಲಕ್ಷ 10 ಸಾವಿರಕ್ಕೆ 9.35 ಅಂದ್ರೆ ದಿನಕ್ಕೆ 694 ರೂಪಾಯಿ ಬಡ್ಡಿ. ಭಾನುವಾರಾನೂ 694, ಹಬ್ಬದ ದಿನಾನೂ 694. ನನ್ ಸಂಬಳ ದಿನಕ್ಕೆ ಲೆಕ್ಕ ಹಾಕಿದ್ರೆ 800. ಅವತ್ತು ಸಂಜೆ ನಮ್ಮನೆಯವರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಿಂದ ಡ್ಯೂಟಿ ಮುಗಿಸಿ ಬಂದ್ ತಕ್ಷಣ ಪೇಪರ್ ಕೈಗೆ ಕೊಟ್ಟೆ. ಶೂ ಬಿಚ್ಚೋದನ್ನ ಮರ್ತು ಹಂಗೇ ನಿಂತು ಓದಿದ್ರು. "ಅಂದ್ರೆ ನಾನು ರಿಟೈರ್ ಆದ್ ಮೇಲೂ ಕಟ್ಬೇಕಾ?" ಅಂದ್ರು. 237 ಕಂತು ಅಂದ್ರೆ 2043ರ ಜನವರಿ ತನಕ. ಹೌದು ರೀ, ಕಟ್ಬೇಕು ಅಂದೆ.

ಮಾರನೇ ದಿನ ಇನ್ನೊಂದು ಲೆಕ್ಕ ಹಾಕಿದೆ, ನಾನು ಈ ಪೋಸ್ಟ್ ಬರೀತಿರೋದೇ ಅದಕ್ಕೆ. ಇದೇ ಸಾಲಕ್ಕೆ ತಿಂಗಳಿಗೆ 7 ಸಾವಿರ ಜಾಸ್ತಿ ಕಟ್ಟಿದ್ರೆ ಏನಾಗುತ್ತೆ ಅಂತ. 237 ಕಂತು 138ಕ್ಕೆ ಇಳಿಯುತ್ತೆ. ಎಂಟು ವರ್ಷಕ್ಕಿಂತ ಜಾಸ್ತಿ ಉಳಿಯುತ್ತೆ, ದುಡ್ಡಲ್ಲಿ 15 ಲಕ್ಷದಷ್ಟು. ನಂಬಿಕೆ ಬರ್ದೆ ಮೂರು ಕ್ಯಾಲ್ಕುಲೇಟರಲ್ಲಿ ಹಾಕಿ ನೋಡ್ದೆ, ಮೂರರಲ್ಲೂ ಅದೇ. ಕಾರಣ ಇಷ್ಟೇ, ಆ 7 ಸಾವಿರದಲ್ಲಿ ಒಂದು ರೂಪಾಯೀನೂ ಬಡ್ಡಿಗೆ ಹೋಗಲ್ಲ, ಪೂರ್ತಿ ಅಸಲಿಗೇ ಹೋಗುತ್ತೆ. ನಾಲ್ಕು ಸಾವಿರ ಇಳೀತಿದ್ದ ಕಡೆ ಹನ್ನೊಂದು ಸಾವಿರ ಇಳಿಯುತ್ತೆ. ಅವಧಿಗೆ ಮುಂಚೆ ಕಟ್ಟಿದ್ರೆ ದಂಡ ಹಾಕ್ತಾರೆ ಅಂತ ನಮ್ ಸ್ಟಾಫ್ ರೂಮಲ್ಲಿ ಈಗ್ಲೂ ತುಂಬಾ ಜನ ಅಂದ್ಕೊಂಡಿದ್ದಾರೆ, ಹಂಗೇನಿಲ್ಲ, ನಮ್ಮಂಥೋರ ಹೆಸರಲ್ಲಿರೋ ಫ್ಲೋಟಿಂಗ್ ಹೌಸಿಂಗ್ ಲೋನಿಗೆ ಬ್ಯಾಂಕುಗಳು ಆ ದಂಡ ಹಾಕೋ ಹಂಗಿಲ್ಲ ಅಂತ ಆರ್‌ಬಿಐ 2012ರಲ್ಲೇ ಹೇಳಿದೆ.

ಲೆಕ್ಕ ಏನೋ ಸರಿ, 7 ಸಾವಿರ ಎಲ್ಲಿಂದ ತರೋದು? ಇಬ್ಬರ ಸಂಬಳ ಸೇರಿ ಕೈಗೆ ಬರೋದು 86 ಸಾವಿರ. ಅದರಲ್ಲಿ ಇಎಂಐ, ಇಬ್ಬರು ಮಕ್ಕಳ ಸ್ಕೂಲು, ಅತ್ತೆ ಮಾವನ ಔಷಧಿ, ರೇಷನ್, ತಿಂಗಳಿಗೆ 5 ಸಾವಿರದ ಒಂದು ಚೀಟಿ. ತಿಂಗಳ ಕೊನೇಲಿ ಎಲ್ಲಿ ಹೋಯ್ತು ಅಂತ ಗೊತ್ತಿಲ್ಲದ ಹಾಗೆ ಖಾಲಿ ಆಗ್ತಿತ್ತು. ಅದಕ್ಕೆ ಮೇ ತಿಂಗಳು ಪೂರ್ತಿ ಮಗಳ ಹಳೇ ನೋಟ್‌ಬುಕ್ಕಲ್ಲಿ ಉಳಿದಿದ್ದ ಹಾಳೆಗಳಲ್ಲಿ ಪ್ರತಿಯೊಂದನ್ನೂ ಬರೆದೆ, ಕೊತ್ತಂಬರಿ ಕಟ್ಟು 10 ರೂಪಾಯಿ ಅನ್ನೋದೂ ಸೇರಿ. ತಿಂಗಳ ಕೊನೇಲಿ ಕೂಡಿಸಿದ್ರೆ 20, 40, 60 ಅಂತ ಫೋನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟಿದ್ದೇ 6,340 ಆಗಿತ್ತು. ಅದರಲ್ಲಿ ಅರ್ಧ ಏನಕ್ಕೆ ಕೊಟ್ವಿ ಅಂತ ಇಬ್ಬರಿಗೂ ನೆನಪಿಲ್ಲ. ಹೊರಗಿಂದ ತರಿಸಿದ ಊಟ ಅದರ ಮೇಲೆ ಬೇರೆ. ಈ ಎರಡರಲ್ಲೇ ಎರಡೂವರೆ ಸಾವಿರ ಸಿಕ್ತು, ಯಾರಿಗೂ ಏನೂ ಕಮ್ಮಿ ಅನ್ನಿಸ್ಲಿಲ್ಲ.

ಮಾವನ ಬಿಪಿ ಶುಗರ್ ಮಾತ್ರೆ ಡಾಕ್ಟರ್ ಹತ್ರ ಕೇಳ್ಕೊಂಡು ಜನೌಷಧಿ ಅಂಗಡಿಯಲ್ಲಿ ತಗೊಳ್ಳೋಕೆ ಶುರು ಮಾಡಿದ್ವಿ, 2,600 ಆಗ್ತಿದ್ದಿದ್ದು 900ಕ್ಕೆ ಬಂತು. ಡಾಕ್ಟರನ್ನ ಕೇಳದೆ ಮಾತ್ರ ಬದಲಾಯಿಸಬೇಡಿ. ರೇಷನ್ ತಿಂಗಳಿಗೊಂದು ಸಲ ಸಂತೇಪೇಟೆಯಿಂದ ಒಟ್ಟಿಗೆ, ಅಕ್ಕಿ ಬೇಳೆ ಎಣ್ಣೆ ಎಲ್ಲಾ, ಅದರಲ್ಲಿ ಒಂದು ಸಾವಿರ. ಆಮೇಲೆ ಜೂನಲ್ಲಿ ಶಕ್ತಿ ಯೋಜನೆ ಬಂತು, ಸ್ಕೂಲಿಗೆ ನಾನು ಸಿಟಿ ಬಸ್ಸಲ್ಲೇ ಹೋಗೋದು, ಅದರ ದುಡ್ಡು ಉಳೀತು. ಆಗಸ್ಟಿಂದ ಗೃಹಜ್ಯೋತಿ, ಕರೆಂಟ್ ಬಿಲ್ ಸೊನ್ನೆ. ಎರಡೂ ಸೇರಿ 1,700. ಗೃಹಲಕ್ಷ್ಮಿ ನಮಗೆ ಬರ್ಲಿಲ್ಲ, ನಮ್ಮನೆಯವರು ಆಗ ಇನ್‌ಕಮ್ ಟ್ಯಾಕ್ಸ್ ವ್ಯಾಪ್ತಿಗೆ ಬರ್ತಿದ್ರು. ಉಚಿತ ಯೋಜನೆಗಳ ಬಗ್ಗೆ ಜನ ಏನೇನೋ ಹೇಳ್ತಾರೆ, ನನ್ ಮಟ್ಟಿಗೆ ಹೇಳೋದಾದ್ರೆ ಆ 1,700 ಪ್ರತಿ ತಿಂಗಳು ನೇರ ನಮ್ ಸಾಲದ ಅಸಲಿಗೆ ಹೋಗಿದೆ, ನಾನು ಅದನ್ನ ಮರೆಯಲ್ಲ.

ಒಂದು ಕಡೆ ಮಾತ್ರ ದೊಡ್ಡ ತಪ್ಪು ಮಾಡ್ದೆ. ಹಾಲು ಎರಡು ಲೀಟರ್ ತಗೊಳ್ತಿದ್ದಿದ್ದನ್ನ ಒಂದೂವರೆ ಮಾಡಿದೆ. ಒಂದೆರಡು ವಾರ ಆದ್ಮೇಲೆ ಗಮನಿಸ್ತೀನಿ, ಮಧ್ಯಾಹ್ನ ಮೂರು ಗಂಟೆಗೆ ಡಿಕಾಕ್ಷನ್ ವಾಸನೆ ಬರ್ತಾನೇ ಇಲ್ಲ. ನಮ್ ಅತ್ತೆ ಮದುವೆ ಆಗಿ ಮೈಸೂರಿಗೆ ಬಂದಾಗಿಂದ ಆ ಹೊತ್ತಿನ ಕಾಫಿ ತಪ್ಪಿಸಿದವರಲ್ಲ. ಯಾಕೆ ಅತ್ತೆ ಕಾಫಿ ಮಾಡ್ಕೊಂಡಿಲ್ಲ ಅಂದ್ರೆ "ಸಾಕಮ್ಮ, ಈ ವಯಸ್ಸಲ್ಲಿ ಎರಡೆರಡು ಸಲ ಕುಡಿದ್ರೆ ರಾತ್ರಿ ನಿದ್ದೆ ಬರಲ್ಲ" ಅಂದ್ರು. ರಾತ್ರಿ ಮಗ ಹೇಳ್ದ, ಅಜ್ಜಿ ಹಾಲು ನಮಗೆ ಸಾಲಲ್ಲ ಅಂತ ಕುಡೀತಿಲ್ಲ ಅಮ್ಮ ಅಂತ. ನನಗೆ ಊಟ ಸೇರ್ಲಿಲ್ಲ ಅವತ್ತು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ರೂಪಾಯಿ ಉಳಿಸೋಕೆ ಹೋಗಿ ಆ ಜೀವದ ಬಾಯಿಂದ ಕಾಫಿ ಕಿತ್ಕೊಂಡಿದ್ದೆ. ಬೆಳಿಗ್ಗೆ ಹಾಲಿನವನಿಗೆ ಮತ್ತೆ ಎರಡು ಲೀಟರ್ ಹೇಳ್ದೆ. ಆಮೇಲೆ ನಂದಿನಿ ಹಾಲಿಗೆ 2023ರಲ್ಲಿ 3 ರೂಪಾಯಿ ಏರಿಸಿದ್ರು, 2025ರಲ್ಲಿ 4 ಏರಿಸಿದ್ರು, ಎರಡು ಲೀಟರ್ ಮಾತ್ರ ಎರಡು ಲೀಟರೇ. ಹಾಲು, ಮಕ್ಕಳ ಹಣ್ಣು, ಹಬ್ಬ, ಇವುಗಳನ್ನ ನೋಟ್‌ಬುಕ್ಕಲ್ಲಿ ಬೇರೆ ಹಾಳೆಗೆ ಹಾಕಿದೀನಿ, ಆ ಹಾಳೆ ಮುಟ್ಟಲ್ಲ.

ಇನ್ನು ಬ್ಯಾಂಕಿನ ಕಥೆ. ಮೊದಲ ಎರಡು ತಿಂಗಳು 7 ಸಾವಿರ ಲೋನ್ ಅಕೌಂಟಿಗೆ ಟ್ರಾನ್ಸ್‌ಫರ್ ಮಾಡಿದ್ವಿ, ನೋಡಿದ್ರೆ ಅದು ಅಸಲಿಂದ ಕಳೆದೇ ಇಲ್ಲ, ಮುಂದಿನ ಕಂತಿಗೆ ಅಡ್ವಾನ್ಸ್ ಅಂತ ಸುಮ್ನೆ ಕೂತಿತ್ತು. ಬ್ರಾಂಚಿಗೆ ಹೋಗಿ ಲೆಟರ್ ಬರೆದು ಕೊಟ್ಟ ಮೇಲೆ ಸರಿ ಮಾಡಿದ್ರು. ಪಾರ್ಟ್ ಪೇಮೆಂಟ್ ಅಂತ ಸ್ಪಷ್ಟವಾಗಿ ಬರೀಬೇಕು, ಇಎಂಐ ಅಷ್ಟೇ ಇರ್ಲಿ ಅವಧಿ ಕಮ್ಮಿ ಮಾಡಿ ಅಂತಾನೂ ಬರೀಬೇಕು, ಇಲ್ದಿದ್ರೆ ಇಎಂಐ ಇಳಿಸಿ ಅವಧಿ ಹಂಗೇ ಬಿಡೋ ಚಾನ್ಸ್ ಇದೆ, ನೋಡೋಕೆ ಸುಖವಾಗಿರುತ್ತೆ, ಆದ್ರೆ ಸಾಲ ಬೇಗ ಮುಗಿಯಲ್ಲ. ಪ್ರತಿ ಸಲ ಕಟ್ಟಿದ ಮೇಲೆ ಸ್ಟೇಟ್‌ಮೆಂಟ್ ತೆಗೆದು ಅಸಲು ಇಳಿದಿದೆಯಾ ನೋಡ್ತೀನಿ. 2023ರ ಆಗಸ್ಟಲ್ಲಿ ಆರ್‌ಬಿಐ ಇನ್ನೊಂದು ಒಳ್ಳೇ ಕೆಲಸ ಮಾಡ್ತು, ಬಡ್ಡಿ ದರ ರೀಸೆಟ್ ಆಗುವಾಗ ಇಎಂಐ ಏರಿಸ್ಬೇಕಾ, ಅವಧಿ ಉದ್ದ ಮಾಡ್ಬೇಕಾ ಅಂತ ಸಾಲಗಾರರಿಗೆ ಆಯ್ಕೆ ಕೊಡ್ಬೇಕು ಅಂತ ಹೇಳ್ತು. ಒಂದು ವರ್ಷ ಮುಂಚೆ ಬಂದಿದ್ರೆ ನಮ್ ಕಥೆ ಬೇರೆ ಆಗ್ತಿತ್ತು.

2023ರ ನವೆಂಬರಲ್ಲಿ ಆಯುಧಪೂಜೆ ಬೋನಸ್ಸು, ನನ್ನದೊಂದು ಆರ್‌ಡಿ, ಎಲ್ಲಾ ಬಾಚಿ ಒಂದು ಲಕ್ಷ ಕಟ್ಟಿದ್ವಿ. ಎಷ್ಟು ಖುಷಿ ಆಗಿತ್ತು ಅಂದ್ರೆ ಅವತ್ತು ಪಾಯಸ ಮಾಡಿದ್ದೆ. ಡಿಸೆಂಬರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ರು, ಸೊಂಟದ ಮೂಳೆ ಮುರೀತು, ಆಪರೇಷನ್. ಅಕೌಂಟಲ್ಲಿ 11 ಸಾವಿರ ಇತ್ತು. ಸಾಲಕ್ಕೆ ಕಟ್ಟಿದ ದುಡ್ಡು ವಾಪಸ್ ಬರಲ್ಲವಲ್ಲ, ನನ್ ಬಳೆ, ಅವಲಕ್ಕಿ ಸರ ಗಿರವಿ ಇಟ್ವಿ, ಉಳಿದಿದ್ದು ಭಾವ ಕೊಟ್ರು. ಜನವರಿಯಿಂದ ಮೇ ತನಕ 7 ಸಾವಿರ ಕಟ್ಟೋದು ನಿಲ್ಲಿಸಿ ಒಡವೆ ಬಿಡಿಸ್ಕೊಳ್ಳೋಕೆ ಹಾಕಿದ್ವಿ. ಅತ್ತೆ ಹಾಸಿಗೆಯಲ್ಲಿ ಮಲಗಿ "ನನ್ನಿಂದ ನಿಮ್ ಲೆಕ್ಕ ಎಲ್ಲಾ ಕೆಡ್ತಲ್ಲಮ್ಮ" ಅಂತ ಕಣ್ಣೀರು ಹಾಕಿದ್ರು. ಅದು ಅವರಿಂದ ಅಲ್ಲ, ಕೈಯಲ್ಲಿ ಏನೂ ಇಟ್ಕೊಳ್ಳದೆ ಕಟ್ಟಿದ ನಮ್ಮಿಂದ. ಈಗ ನಾಲ್ಕು ತಿಂಗಳ ಖರ್ಚು, ಇಎಂಐನೂ ಸೇರಿ, ಎಫ್‌ಡಿಯಲ್ಲಿ ಇಟ್ಟು ಅದಕ್ಕೆ ಮೇಲೆ ಬಂದಿದ್ದನ್ನ ಮಾತ್ರ ಲೋನಿಗೆ ಹಾಕ್ತೀವಿ. ಯಾರಾದ್ರೂ ಇದನ್ನ ಓದಿ ಇವತ್ತೇ ದುಡ್ಡು ಕಟ್ಟೋಕೆ ಹೊರಟಿದ್ರೆ ದಯವಿಟ್ಟು ಮೊದಲು ಆ ಎಫ್‌ಡಿ ಮಾಡಿ, ಬೇಡ್ಕೊಳ್ತೀನಿ.

ಟ್ಯಾಕ್ಸ್ ವಿನಾಯಿತಿ ಹೋಗುತ್ತೆ, ಲೋನ್ ಬೇಗ ತೀರಿಸಬೇಡಿ ಅಂತ ನಮ್ಮನೆಯವರಿಗೆ ಫ್ಯಾಕ್ಟರಿಯಲ್ಲಿ ತುಂಬಾ ಜನ ಹೇಳಿದ್ರು. ಹಳೇ ಪದ್ಧತಿಯಲ್ಲಿ ಬಡ್ಡಿಗೆ ವಿನಾಯಿತಿ ಇರೋದು ವರ್ಷಕ್ಕೆ 2 ಲಕ್ಷದ ತನಕ, ನಾವು ಕಟ್ತಿದ್ದ ಬಡ್ಡಿನೇ ಅದಕ್ಕಿಂತ ಜಾಸ್ತಿ ಇತ್ತು, ಹಂಗಾಗಿ ಜಾಸ್ತಿ ಕಟ್ಟಿದ್ರೂ ನಾವು ಕಳ್ಕೊಂಡಿದ್ದು ಏನೂ ಇಲ್ಲ. ಈಗ 2025ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ಆದಾಯದ ತನಕ ಟ್ಯಾಕ್ಸೇ ಇಲ್ಲ, ನಮಗೆ ಆ ಪ್ರಶ್ನೆನೇ ಮುಗೀತು. ಇನ್ನು ಕೆಲವರು ಆ 7 ಸಾವಿರಾನ ಎಸ್‌ಐಪಿಗೆ, ಅಂದ್ರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕಿ ಅಂದ್ರು. ಇರಬಹುದು, ಜಾಸ್ತಿ ಬರಬಹುದು. ಆದ್ರೆ 9.35 ಬಡ್ಡಿ ಉಳಿಯೋದು ಖಂಡಿತ, ಅದರ ಮೇಲೆ ರಾತ್ರಿ ನಿದ್ದೆ ಬರುತ್ತೆ. ಪಿಎಫ್ ಮಾತ್ರ ಮುಟ್ಟಿಲ್ಲ, ಮುಟ್ಟೋದೂ ಇಲ್ಲ.

ಚೀಟಿ 40 ತಿಂಗಳದ್ದು, 2 ಲಕ್ಷದ್ದು, ರಿಜಿಸ್ಟರ್ಡ್ ಕಂಪನಿಯದ್ದು. ಮಧ್ಯದಲ್ಲಿ ಎಷ್ಟೋ ಸಲ ಕೂಗಿಬಿಡೋಣ ಅನ್ನಿಸ್ತು, ಆಪರೇಷನ್ ಟೈಮಲ್ಲಂತೂ ತುಂಬಾನೇ, ಆದ್ರೆ ಆ ತಿಂಗಳು ಕೂಗಿದ್ರೆ ತುಂಬಾ ಬಿಟ್ಟುಕೊಡ್ಬೇಕಿತ್ತು. ಕೊನೇ ತನಕ ಇದ್ವಿ, 2025ರ ಜನವರಿಯಲ್ಲಿ ಕಮಿಷನ್ ಕಳೆದು ಬಂದ ದುಡ್ಡು ಹಂಗೇ ಲೋನಿಗೆ ಹೋಯ್ತು. ಚೀಟಿಗೆ ತಿಂಗಳು ತಿಂಗಳು ಕಟ್ತಿದ್ದ 5 ಸಾವಿರ ಈಗ ಮಗಳ ಫೀಸಿಗೆ ಆರ್‌ಡಿ ಆಗಿದೆ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ ಖರ್ಚು ಬರುತ್ತೆ. 2024, 2025 ಎರಡೂ ವರ್ಷ ಬೋನಸ್ಸಿಂದ ಒಂದೊಂದು ಲಕ್ಷ ಕಟ್ಟಿದ್ವಿ, ಈ ಸಲ ಎಫ್‌ಡಿ ಮುಟ್ಟದೆ. ರೆಪೋನೂ 2025ರ ಫೆಬ್ರವರಿಯಿಂದ ಇಳೀತಾ ಬಂದು ಡಿಸೆಂಬರಲ್ಲಿ 5.25 ಆಯ್ತು, ನಮ್ ಬಡ್ಡಿ 8.10ಕ್ಕೆ ಬಂತು. ಕಂತು ಇಳಿಸಬೇಕಾ ಅಂತ ಬ್ರಾಂಚಿಂದ ಫೋನ್ ಮಾಡಿ ಕೇಳಿದ್ರು, ಬೇಡ ಅಂದೆ.

ಮುಗಿಯೋ ದಿನದ ಬಗ್ಗೆ ಈಗ್ಲೇ ತಿಳ್ಕೊಂಡು ಇಟ್ಟಿದೀನಿ, ಯಾಕಂದ್ರೆ ನಮ್ ಭಾವ ಅವರ ಲೋನ್ ತೀರಿಸಿ ಸುಮ್ಮನಿದ್ದುಬಿಟ್ಟಿದ್ರು, ಆಮೇಲೆ ಸೈಟ್ ಮಾರೋಕೆ ಹೋದಾಗ ಇಸಿಯಲ್ಲಿ (ಆಸ್ತಿ ಮೇಲಿನ ಋಣಭಾರ ತೋರಿಸೋ ಪತ್ರ) ಬ್ಯಾಂಕಿನ ಅಡಮಾನ ಹಂಗೇ ಕಾಣಿಸ್ತಿತ್ತು, ಓಡಾಡಿ ಓಡಾಡಿ ಸಾಕಾಯ್ತು. ನೋ ಡ್ಯೂಸ್ ಲೆಟರ್ ತಗೊಂಡ್ರೆ ಸಾಲದು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅಡಮಾನ ರದ್ದು ಮಾಡಿಸಿ ಹೊಸ ಇಸಿ ತೆಗೆದು ನೋಡ್ಬೇಕು. ಒರಿಜಿನಲ್ ಕ್ರಯಪತ್ರ ಎಲ್ಲಾ ಬ್ಯಾಂಕು 30 ದಿನದೊಳಗೆ ಕೊಡ್ಬೇಕು, ಅವರ ಕಾರಣಕ್ಕೆ ತಡ ಆದ್ರೆ ದಿನಕ್ಕೆ 5 ಸಾವಿರ ಪರಿಹಾರ, 2023ರ ಡಿಸೆಂಬರ್‌ನಿಂದ ಆ ರೂಲ್ಸ್ ಇದೆ.

ಈಗ ಬಾಕಿ 17 ಲಕ್ಷ 80 ಸಾವಿರ. ಇದೇ ಥರ ಕಟ್ಟಿದ್ರೆ 70 ಕಂತು, ಬೋನಸ್ ದುಡ್ಡೂ ಹಾಕ್ತಾ ಹೋದ್ರೆ 2030ಕ್ಕೇ ಮುಗಿಯುತ್ತೆ. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಲ್ಲಿ ಪ್ರತಿ ತಿಂಗಳ ಒಂದನೇ ತಾರೀಕು ಅವತ್ತಿನ ಒಂದು ದಿನದ ಬಡ್ಡಿ ಎಷ್ಟು ಅಂತ ಬರೀತೀನಿ, 694ರಿಂದ ಶುರು ಮಾಡಿದ್ದು. ಈ ತಿಂಗಳು ಅತ್ತೆ ವಾಕರ್ ಹಿಡ್ಕೊಂಡು ಬಂದು ಕಾಫಿ ಲೋಟ ಪಕ್ಕಕ್ಕೆ ಇಟ್ಟು ಪೆನ್ ಕೊಡಮ್ಮ ನಾನೇ ಬರೀತೀನಿ ಅಂದ್ರು. 395 ಅಂತ ಬರೆದು ಕೆಳಗೆ ಒಂದು ಗೆರೆ ಎಳೆದಿದ್ದಾರೆ.