ಮೆನು ಒತ್ತಿ, 5 ಒತ್ತಿ

ದಾವಣಗೆರೆಯ ಮಂಡಿಪೇಟೆ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಹೊಟ್ಟೆ ಹೊರೆಯುವುದು ಆನ್‌ಲೈನ್ ಅರ್ಜಿ. ಕೊನೆಯ ದಿನ ಬಂತೆಂದರೆ ಬಾಗಿಲ ತನಕ ಹುಡುಗರು. ಬಹುತೇಕರದು ಒಂದೇ ಗೋಳು: ಫೋಟೋ 50 ಕೆಬಿ ಮೀರಬಾರದು. ಮೊಬೈಲ್‌ನಲ್ಲಿ ತೆಗೆದದ್ದು ಮೂರು ನಾಲ್ಕು ಎಂಬಿ ಇರುತ್ತದೆ.

ಅಂಥದ್ದೇ ಒಂದು ಸಂಜೆ ಮೌಸ್‌ನ ಬಲಗುಂಡಿ ಸತ್ತಿತು. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ವರ್ಷಗಟ್ಟಲೆ ಹಿಡಿದರೆ ಅದಾದರೂ ಏನು ಮಾಡೀತು. ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯನ್ನೇ ತೆರೆಯುವ ಮೆನು ಕೀಲಿ ಕೀಬೋರ್ಡಿನ ಬಲಗಡೆ ಕಂಟ್ರೋಲ್ ಪಕ್ಕದಲ್ಲಿ ಇರುವುದು ಆಗಲೇ ಕಣ್ಣಿಗೆ ಬಿದ್ದದ್ದು. ಅದು ಇಲ್ಲದ ಲ್ಯಾಪ್‌ಟಾಪಿನಲ್ಲಿ ಶಿಫ್ಟ್ ಜೊತೆ ಎಫ್10 ಒತ್ತಬಹುದು.

ಪಟ್ಟಿಯೇನೋ ತೆರೆಯಿತು, ನನಗೆ ಬೇಕಾದ ಫೋಟೋ ಕುಗ್ಗಿಸುವ ಕೆಲಸ ಮಾತ್ರ ಅದರಲ್ಲಿ ಇರಲಿಲ್ಲ. ಅದನ್ನು ಸೇರಿಸಲೆಂದು ರಾತ್ರಿ ಶಟರ್ ಎಳೆದುಕೊಂಡು ಕುಳಿತೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿ ನಮ್ಮಜ್ಜಿಯ ಟ್ರಂಕಿನ ಹಾಗೆ, ಗಂಟಿನೊಳಗೆ ಗಂಟು. ಸಿಸ್ಟಮ್‌ಫೈಲ್‌ಅಸೋಸಿಯೇಷನ್ಸ್ ಒಳಗೆ ಡಾಟ್ ಜೆಪಿಜಿ, ಅದರೊಳಗೆ ಶೆಲ್, ಅದರೊಳಗೆ ನಾವು ಇಡುವ ಹೆಸರು, ಅದರೊಳಗೆ ಮಾಡಬೇಕಾದ ಕೆಲಸ ಬರೆಯುವ ಕಮಾಂಡ್. ಪಟ್ಟಿಯಲ್ಲಿ ತೋರುವ ಹೆಸರಿನಲ್ಲಿ 5ಕ್ಕೆ ಮೊದಲು & ಚಿಹ್ನೆ ಹಾಕಿದರೆ ಆ ಅಂಕಿಯೇ ಕೀಲಿಯಾಗುತ್ತದೆ. ಮೆನು ಒತ್ತು, 5 ಒತ್ತು, ಅಷ್ಟೇ. ಕುಗ್ಗಿಸುವ ಕೆಲಸ ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದ್ದು. ಇಷ್ಟು ಕೆಬಿ ದಾಟಬೇಡ ಎಂದರೆ ಕೇಳುತ್ತದೆ. ಆದರೆ ಉದ್ದ ಅಗಲವನ್ನು ಮೊದಲು ಇಳಿಸಬೇಕು. ಹಾಗೇ ಹಿಂಡಿದರೆ ಮುಖದ ತುಂಬ ಚೌಕ ಚೌಕ ಕಲೆ. ಮೊದಲ ಪ್ರಯೋಗದಲ್ಲಿ ನನ್ನ ಮೀಸೆಯೇ ಗುರುತು ಸಿಗಲಿಲ್ಲ.

ಮರುದಿನ ಕೆಲಸದ ಹುಡುಗಿ ಮೆನು ಒತ್ತಿದಳು. "ಅಣ್ಣಾ, ನಿಮ್ಮ ಐವತ್ತು ಇಲ್ಲಿಲ್ಲ." ನೋಡಿದರೆ ವಾಟ್ಸಾಪ್‌ನಿಂದ ಇಳಿಸಿದ ಫೋಟೋ. ಅದರ ಬಾಲ ಜೆಪಿಜಿ ಅಲ್ಲ, ಜೆಪಿಇಜಿ. ನಮಗೆ ಎರಡೂ ಒಂದೇ, ರಿಜಿಸ್ಟ್ರಿಗೆ ಬೇರೆ ಬೇರೆ ಮನೆ. ಅಲ್ಲೂ ಸೇರಿಸಿದೆ. ಈಗ ಫೈಲೇ ಸಿಗುತ್ತಿಲ್ಲ ಎಂದಿತು. ವಾಟ್ಸಾಪ್ ಹೆಸರುಗಳಲ್ಲಿ ನಡುನಡುವೆ ಜಾಗ ಬಿಟ್ಟಿರುತ್ತದೆ. ಕಮಾಂಡಿನಲ್ಲಿ ಫೈಲಿನ ಹೆಸರು ಬಂದು ಕೂರುವ %1ಕ್ಕೆ ನಾನು ಉದ್ಧರಣ ಚಿಹ್ನೆ ಹಾಕಿರಲಿಲ್ಲ, ಮೊದಲ ಪದವನ್ನೇ ಪೂರ್ತಿ ಹೆಸರೆಂದು ತಿಳಿದು ಹುಡುಕುತ್ತಿತ್ತು. ಎರಡು ಚಿಹ್ನೆಗಾಗಿ ಅರ್ಧ ಗಂಟೆ, ಎದುರಿಗೆ ಏಳು ಜನ.

ಇದಕ್ಕಿಂತ ದೊಡ್ಡ ತಪ್ಪು ಸಂಜೆ ಗೊತ್ತಾಯಿತು. ಕುಗ್ಗಿದ ಚಿತ್ರವನ್ನು ಮೂಲದ ಹೆಸರಿನಲ್ಲೇ ಉಳಿಸುವಂತೆ ಬರೆದಿದ್ದೆ. ಪೆನ್‌ಡ್ರೈವ್‌ನಲ್ಲಿ ಫೋಟೋ ತಂದಿದ್ದವನೊಬ್ಬ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಕೊಡಿ ಎಂದ. ಇದ್ದದ್ದು 48 ಕೆಬಿ ಮಾತ್ರ. ಪುಣ್ಯಕ್ಕೆ ಅವನ ಮೊಬೈಲ್‌ನಲ್ಲಿ ಮೂಲ ಉಳಿದಿತ್ತು. ಈಗ ಹೊಸ ಕಡತದ ಹೆಸರಿನ ಕೊನೆಗೆ -50 ಸೇರುತ್ತದೆ, ಮೂಲವನ್ನು ಯಾರೂ ಮುಟ್ಟುವುದಿಲ್ಲ.

ಸಹಿಗೆ 2 ಇಟ್ಟಿದ್ದೇನೆ, 20 ಕೆಬಿಗೆ. ಜಾತಿ ಪ್ರಮಾಣಪತ್ರದ ಪಿಡಿಎಫ್‌ಗೂ ಒಂದು ಬೇಕೆಂದು ಹುಡುಗಿ ದಿನಾ ಕೇಳುತ್ತಾಳೆ. ಅದಕ್ಕೆ ಪಿಡಿಎಫ್ ಕುಗ್ಗಿಸಬಲ್ಲ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶ ಹಾಕಿಕೊಳ್ಳಬೇಕು. ಈ ಅರ್ಜಿಯ ಗದ್ದಲ ಮುಗಿಯಲಿ ಎಂದಿದ್ದೇನೆ.