ಯೆಗ್ಗಿಗೆ ‘ಎ’ ಯಾಕಾಗಲ್ಲ?

14 ಜುಲೈ 2024, ಭಾನುವಾರ

ಬೆಳಗ್ಗೆಯಿಂದ ಬಿಡದ ಮಳೆ. ಅಕ್ಕ ತನ್ನ ಮಗನನ್ನು ಇಂಗ್ಲಿಷ್ ನೋಟ್ಸಿನ ಸಮೇತ ನನ್ನ ಮುಂದೆ ಕೂರಿಸಿ ಒಳಗೆ ಹೋದಳು. ಏಳನೇ ಕ್ಲಾಸು. ಪುಟದ ತುಂಬ ಕೆಂಪು ಇಂಕಿನ ಸುತ್ತು, ಎಲ್ಲಾ ಆರ್ಟಿಕಲ್ಲಿನವೇ, ಅಂದರೆ ನಾಮಪದದ ಮುಂದೆ ಬರೋ ‘ಎ’, ‘ಆ್ಯನ್’, ‘ದ’. ಮೊದಲನೆಯದು ‘ಎ ಎಗ್’.

“ಅಕ್ಷರ ನೋಡಬೇಡ, ಶಬ್ದ ಕೇಳು. ಮುಂದಿನ ಪದ ಸ್ವರದ ಶಬ್ದದಿಂದ ಶುರುವಾದರೆ ‘ಆ್ಯನ್’, ಇಲ್ಲದಿದ್ದರೆ ‘ಎ’” ಅಂದೆ. ಯೂನಿವರ್ಸಿಟಿ ಬರೆಯೋದು ಸ್ವರದಿಂದ, ಬಾಯಲ್ಲಿ ಬರೋದು ‘ಯೂ’, ಅದಕ್ಕೇ ‘ಎ’. ‘ಅವರ್’ ಅಂದರೆ ಗಂಟೆ, ಅದರಲ್ಲಿ ಎಚ್ ಸುಮ್ಮನೆ ಕೂತಿರುತ್ತೆ, ಅದಕ್ಕೇ ‘ಆ್ಯನ್’.

“ಸರಿ ಮಾಮ, ಯೆಗ್ಗಲ್ಲೂ ಯ ಇದೆಯಲ್ಲ?”

ನನ್ನ ಬಾಯಿ ಕಟ್ಟಿತು. ನಮ್ಮ ಮನೇಲಿ ಯಾರೂ ಎಗ್ ಅಂದವರಲ್ಲ, ಯೆಗ್ಗೇ. ಎಂಎಲ್‌ಎ ಕೂಡ ಯಮ್ಮೆಲ್ಲೆ. ಹುಡುಗ ರೂಲ್ಸ್ ಸರಿಯಾಗೇ ಹಾಕಿದ್ದ, ಕಿವಿಗೆ ಬಿದ್ದ ಶಬ್ದ ಮಾತ್ರ ನಮ್ಮದು.

‘ದ’ ಹೇಳಿಕೊಡೋಕೆ ಅಜ್ಜಿಕಥೆ ಹಿಡಿದೆ. ಒಂದೂರಲ್ಲಿ ಒಬ್ಬ ರಾಜ, ‘ಎ ಕಿಂಗ್’. ಆ ರಾಜನಿಗೆ ಇಬ್ಬರು ಹೆಂಡಿರು, ಈಗ ‘ದ ಕಿಂಗ್’. ಆದರೆ ಈ ಉಪಾಯ ಬಹಳ ದೂರ ಬರಲ್ಲ. ಅಮ್ಮ ಅಡುಗೆಮನೇಲಿದ್ದಾಳೆ ಅನ್ನೋಕೆ ನಮಗೆ ‘ಆ’ ಬೇಡ, ಇಂಗ್ಲಿಷಿನವರಿಗೆ ಅಡುಗೆಮನೆ ಮುಂದೆ ‘ದ’ ಬೇಕು. ಕಾವೇರಿಗೆ ಬೇಕು, ಮಡಿಕೇರಿಗೆ ಬೇಡ. ನಾವಾದರೂ ಕಮ್ಮಿಯಿಲ್ಲ, ಕೆಲವು ಸಲ ಈ ಕೆಲಸವನ್ನು ವಿಭಕ್ತಿಗೆ ವಹಿಸಿಬಿಡ್ತೀವಿ. ‘ಹುಡುಗಿ ನೋಡೋಕೆ ಹೋದ’ ಅಂದರೆ ಮದುವೆ ಮಾತು. ‘ಹುಡುಗೀನ ನೋಡೋಕೆ ಹೋದ’ ಅಂದರೆ ಅವಳ್ಯಾರು ಅಂತ ನಮಗಾಗಲೇ ಗೊತ್ತು! (ಇದನ್ನು ಅವನಿಗೆ ಹೇಳಲಿಲ್ಲ.)

ಅವನಿಗೆ ಹಿಡಿಸಿದ್ದು ಅಂಪೈರ್ ಕಥೆ. ನೂರಾರು ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿ ಆ ಪದದ ಮುಂದೆ ‘ನ’ಕಾರ ಇತ್ತು, ‘ನೌಂಪೆರ್’ ಅನ್ನೋ ಥರ. ‘ಎ ನೌಂಪೆರ್’ ಅಂದಿದ್ದು ‘ಆ್ಯನ್ ಔಂಪೆರ್’ ಅಂತ ಕೇಳಿಸಿ, ನಕಾರ ಆರ್ಟಿಕಲ್ಲಿನ ಪಾಲಾಯ್ತು. ಏಪ್ರನ್ ಕಥೆಯೂ ಇದೇ.

“ಅಂದ್ರೆ ಅವರೂ ತಪ್ಪು ಕೇಳಿಸ್ಕೊಂಡ್ರಾ!” ಅಂತ ನಕ್ಕ.

ಆಮೇಲೆ ಹತ್ತು ವಾಕ್ಯ ಕೊಟ್ಟೆ. ಎಗ್ ಸರಿಯಾಯ್ತು. ಒಂದು ವರ್ಷ ಅನ್ನೋಕೆ ‘ಆ್ಯನ್ ಇಯರ್’ ಅಂತ ಬರೆದಿದ್ದ.

“ಶಬ್ದ ಕೇಳೇ ಬರೆದೆ ಮಾಮ. ಹ್ಯಾಪಿ ನ್ಯೂ ಇಯರ್ ಅಂತೀವಲ್ಲ?”

ಅಲ್ಲಿ ಯ ಇದೆ ಕಣೋ, ಅದನ್ನ ನಾವು ನುಂಗಿಬಿಟ್ಟಿದೀವಿ, ಅದು ಬಿಟ್ಟರೆ ಕಿವಿ ಅಂತಾಗುತ್ತೆ ಅಂತ ಬಿಡಿಸಿ ಹೇಳ್ತಿದ್ದೆ. ಒಳಗಿಂದ ಅಕ್ಕ ಕೂಗಿದಳು: “ಯೆಲೆ ಹಾಕಿದೀನಿ, ಯೇಳ್ರೋ ಇಬ್ರೂ!”